ಹೋಬಳಿಗೊಂದು ಮಾತಿನ ಕೋಣೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದೇ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ: ಕಚೇರಿಯಲ್ಲಿ ಯಾವ ಜಾಗಕ್ಕೆ ಹೆಚ್ಚು ಕಿತ್ತಾಟ? ಮುನ್ನೂರು ಜನ ಕೂರುವ ಸಭಾಂಗಣಕ್ಕಾಗಲಿ ಊಟದ ಮನೆಗಾಗಲಿ ಯಾರೂ ಜಗಳವಾಡುವುದಿಲ್ಲ. ನಾಲ್ಕು ಕುರ್ಚಿ ಹಿಡಿಯುವ ಪುಟ್ಟ ಮೀಟಿಂಗ್ ರೂಮಿಗೆ ಮಾತ್ರ ಸದಾ ಸರದಿ ಇರುತ್ತದೆ. ಒಂದು ಮೇಜು, ಗೋಡೆಯ ಮೇಲೆ ಪರದೆ, ಪರದೆಯ ನೆತ್ತಿಯಲ್ಲಿ ಕ್ಯಾಮೆರಾ, ಮೇಜಿನ ನಡುವೆ ಮೈಕು ಮತ್ತು ಸ್ಪೀಕರು, ಬರೆಯಲು ಬಿಳಿ ಹಲಗೆ, ಸದ್ದನ್ನು ಒಳಗೇ ಹಿಡಿದಿಡುವ ಬಾಗಿಲು. ಹಡಲ್ ರೂಮ್ ಎಂದು ಕರೆಯುವ ಈ ಕೋಣೆಯಲ್ಲಿ ಇರುವುದು ಇಷ್ಟೇ. ಇಲ್ಲಿ ಕೂತ ಇಬ್ಬರು ಪುಣೆಯಲ್ಲಿರುವ ಮೂರನೆಯವರನ್ನೂ ಜರ್ಮನಿಯಲ್ಲಿರುವ ನಾಲ್ಕನೆಯವರನ್ನೂ ಪರದೆಗೆ ಕರೆದು, ಒಂದೇ ಕಡತವನ್ನು ಎಲ್ಲರೂ ಕೂಡಿ ನೋಡಿ ತಿದ್ದಿ ಅರ್ಧ ತಾಸಿನಲ್ಲಿ ಎದ್ದುಹೋಗುತ್ತಾರೆ.

ಈ ಕೋಣೆ ಬೆಂಗಳೂರಿಗಿಂತ ಮುಡಬಿಗೆ ಹೆಚ್ಚು ಬೇಕಾಗಿದೆ ಎಂಬುದು ನನ್ನ ವಾದ. ಮುಡಬಿ ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಹೋಬಳಿ ಊರು. ಸುತ್ತಲಿನ ಹಳ್ಳಿ ಮತ್ತು ತಾಂಡಾಗಳ ಜನ ಜಾತಿ ಪತ್ರಕ್ಕೆ, ಪಿಂಚಣಿಗೆ, ಪಹಣಿಗೆ, ಔಷಧಿಗೆ, ಪೊಲೀಸು ದೂರಿಗೆ ಮೊದಲು ಮುಟ್ಟುವುದು ಇಂಥ ಊರನ್ನೇ. ಸರ್ಕಾರ ಬಡವನಿಗೆ ಎದುರಾಗುವುದು ವಿಧಾನಸೌಧದಲ್ಲಿ ಅಲ್ಲ, ಹೋಬಳಿಯ ಕಚೇರಿಯ ಕಿಟಕಿಯಲ್ಲಿ. ಆ ಕಿಟಕಿಯ ಮುಂದೆ ನಿಂತು ಅವನು, ಅದಕ್ಕಿಂತ ಹೆಚ್ಚಾಗಿ ಅವಳು, ಯಾವ ಮಾತನ್ನು ಯಾರೆಲ್ಲರ ಕಿವಿಗೆ ಬೀಳುವಂತೆ ಆಡಬೇಕಾಗುತ್ತದೆ ಎಂಬುದನ್ನು ನಾವು ಯೋಚಿಸಿಯೇ ಇಲ್ಲ.

ಬೆಂಗಳೂರಿಗೆ ಈ ಕೋಣೆ ಬಂದದ್ದು ಒಂದು ತಪ್ಪು ಲೆಕ್ಕಾಚಾರವನ್ನು ತಿದ್ದಿಕೊಳ್ಳುವ ದಾರಿಯಾಗಿ. 1950ರ ದಶಕದ ಕೊನೆಯಲ್ಲಿ ಜರ್ಮನಿಯ ಕ್ವಿಕ್‌ಬಾರ್ನರ್ ಎಂಬ ತಂಡ ಕಚೇರಿಯೊಳಗಿನ ಗೋಡೆಗಳನ್ನು ಕಿತ್ತುಹಾಕುವ ವಿನ್ಯಾಸವನ್ನು ಪ್ರಚಾರಕ್ಕೆ ತಂದಿತು. ಗೋಡೆ ಬಿದ್ದರೆ ಮೇಲು-ಕೀಳು ಹೋಗುತ್ತದೆ, ಮಾತುಕತೆ ಬೆಳೆಯುತ್ತದೆ ಎಂಬ ಆಸೆ ಅದರ ಹಿಂದಿತ್ತು. ಕಟ್ಟಡದ ಖರ್ಚು ಇಳಿಯುವುದೂ ಮಾಲೀಕರಿಗೆ ಹಿಡಿಸಿತು. ಅಲ್ಲಿಂದ ಮುಂದೆ ತೆರೆದ ಹಜಾರದ ಕಚೇರಿ ಜಗತ್ತನ್ನೆಲ್ಲ ಆವರಿಸಿ ನಮ್ಮ ಐಟಿ ಪಾರ್ಕುಗಳಿಗೂ ಬಂತು. ಹಾರ್ವರ್ಡ್‌ನ ಎಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆಸೆಯನ್ನು ಒರೆಗೆ ಹಚ್ಚಿತು. ಎರಡು ದೊಡ್ಡ ಕಂಪನಿಗಳು ಗೋಡೆ ತೆಗೆದು ತೆರೆದ ಹಜಾರಕ್ಕೆ ಹೋಗುವ ಮೊದಲು ಮತ್ತು ಹೋದ ಮೇಲೆ, ಕೆಲಸಗಾರರ ಕೊರಳಿಗೆ ಹಾಕಿದ ಉಪಕರಣಗಳ ನೆರವಿನಿಂದ ಅವರ ಮುಖಾಮುಖಿ ಮಾತನ್ನು ಅಳೆದು ನೋಡಿದರು. ಮಾತು ಹೆಚ್ಚುವುದಿರಲಿ, ಸುಮಾರು ಶೇ 70ರಷ್ಟು ಕುಸಿದಿತ್ತು. ಎಲ್ಲರ ಕಣ್ಣೂ ಕಿವಿಯೂ ತನ್ನ ಮೇಲಿರುವಾಗ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಪಕ್ಕದವನಿಗೇ ಇ-ಮೇಲ್ ಬರೆಯುತ್ತಾನೆ. ಕಂಪನಿಗಳು ಹಜಾರದ ಅಂಚಿನಲ್ಲಿ ಸಣ್ಣ ಕೋಣೆಗಳನ್ನು ಕಟ್ಟತೊಡಗಿದ್ದು ಈ ಬಿಕ್ಕಟ್ಟಿನಿಂದ. 2020ರ ಕೊರೋನಾ ಬಂದು ಅರ್ಧ ತಂಡ ಮನೆಯಲ್ಲಿ, ಅರ್ಧ ತಂಡ ಕಚೇರಿಯಲ್ಲಿ ಎಂದಾದ ಮೇಲೆ ಪರದೆಯಿಲ್ಲದ ಕೋಣೆ ಉಪಯೋಗಕ್ಕೆ ಬಾರದಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ತಂತ್ರಜ್ಞಾನಕ್ಕಿಂತ ಒಡೆತನದ್ದು. ಹಿಂದೆ ಕಚೇರಿಯಲ್ಲಿ ಮುಚ್ಚಿದ ಕೋಣೆ ಇರುತ್ತಿದ್ದದ್ದು ಮ್ಯಾನೇಜರಿಗೆ. ಅವನ ಗುಟ್ಟಿಗೆ ಬಾಗಿಲಿತ್ತು, ಗುಮಾಸ್ತನ ಗುಟ್ಟಿಗೆ ಇರಲಿಲ್ಲ. ಹಡಲ್ ರೂಮ್ ಯಾರ ಸ್ವತ್ತೂ ಅಲ್ಲ. ಹೊಸದಾಗಿ ಸೇರಿದ ಹುಡುಗಿಯೂ ಅರ್ಧ ತಾಸಿಗೆ ಅದನ್ನು ತನ್ನ ಹೆಸರಿಗೆ ಕಾದಿರಿಸಿ, ಬಾಗಿಲು ಹಾಕಿಕೊಂಡು, ತನ್ನ ಮಾತನ್ನು ತನಗೆ ಬೇಕಾದವರೊಂದಿಗೆ ಆಡಬಹುದು. ಅಗತ್ಯ ಯಾರಿಗಿದೆಯೋ ಕೋಣೆ ಅವರದು ಎಂಬ ಈ ನಿಯಮ ಸಣ್ಣದಾಗಿ ಕಂಡರೂ ದೊಡ್ಡ ಬದಲಾವಣೆ. ಏಕೆಂದರೆ ಮುಚ್ಚಿದ ಬಾಗಿಲಿನ ಹಿಂದೆ ಮಾತಾಡುವುದು ಶತಮಾನಗಳ ಕಾಲ ಆಳುವವರಿಗೆ ಮಾತ್ರ ಇದ್ದ ಹಕ್ಕು. ಕೌಟಿಲ್ಯನ ಅರ್ಥಶಾಸ್ತ್ರ ತನ್ನ ಮೊದಲ ಅಧಿಕರಣದಲ್ಲೇ ಮಂತ್ರಾಲೋಚನೆಯ ಜಾಗ ಹೇಗಿರಬೇಕೆಂದು ಹೇಳುತ್ತದೆ: ಮಾತು ಹೊರಗೆ ಹೋಗಬಾರದು, ಹಕ್ಕಿಗಳ ಕಣ್ಣಿಗೂ ಬೀಳಬಾರದು, ಗಿಳಿ, ಗೊರವಂಕ, ನಾಯಿಗಳಿಂದ ಕೂಡ ಗುಟ್ಟು ರಟ್ಟಾದದ್ದು ಕೇಳಿಬಂದಿದೆ. ರಾಜ ಒಬ್ಬನನ್ನೋ ಇಬ್ಬರನ್ನೋ ನೆಚ್ಚದೆ ಮೂರು ನಾಲ್ಕು ಜನರೊಂದಿಗೆ ಕೂತು ಆಲೋಚಿಸಬೇಕೆಂಬ ಸಲಹೆಯೂ ಅಲ್ಲಿದೆ. ನಾಲ್ಕು ಕುರ್ಚಿಯ ಕೋಣೆಯ ಲೆಕ್ಕ ಅಷ್ಟು ಹಳೆಯದು. ಆದರೆ ಅದೇ ರಾಜನ ಪ್ರಜೆ ತನ್ನ ಸಂಕಟವನ್ನು ಹೇಳಿಕೊಳ್ಳುತ್ತಿದ್ದದ್ದು ಅಂಗಳದಲ್ಲಿ, ಎಲ್ಲರ ಎದುರು, ಕೈಮುಗಿದು.

ಇಂದಿನ ಸರ್ಕಾರಿ ಕಟ್ಟಡಗಳ ನಕ್ಷೆಯೂ ಇದೇ ಅಭ್ಯಾಸವನ್ನು ಮುಂದುವರಿಸಿದೆ. ಸಾಹೇಬರಿಗೆ ಚೇಂಬರ್ ಇರುತ್ತದೆ. ಪರದೆ ಕಟ್ಟಿದ ಬಾಗಿಲು, ಕರೆಗಂಟೆ, ಹೊರಗೊಬ್ಬ ಜವಾನ. ಜನರಿಗೆ ಇರುವುದು ಕೌಂಟರ್. ಬೆನ್ನ ಹಿಂದೆ ಹತ್ತು ಜನ, ಪಕ್ಕದಲ್ಲಿ ದಲ್ಲಾಳಿ, ಎದುರಿಗೆ ಗಾಜು. ಸಿಬ್ಬಂದಿ ಎಷ್ಟೇ ಒಳ್ಳೆಯವರಿರಲಿ, ‘ಏನ್ ಕೆಲಸ ಅದರಿ, ಜೋರಾಗಿ ಹೇಳ್ರಿ’ ಎಂದು ಕೇಳದೆ ಅವರಿಗೆ ಗತಿಯಿಲ್ಲ; ಗದ್ದಲದಲ್ಲಿ ಮೆಲುದನಿ ಕೇಳುವುದಿಲ್ಲ.

ಜೋರಾಗಿ ಹೇಳಬೇಕಾದ ಮಾತುಗಳಾದರೂ ಎಂಥವು! ರಾಜ್ಯ ಸರ್ಕಾರದ ಮನಸ್ವಿನಿ ಯೋಜನೆ 40ರಿಂದ 64 ವರ್ಷದೊಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಬಡ ಮಹಿಳೆಯರಿಗೆ ಮಾಸಾಶನ ಕೊಡುತ್ತದೆ. ಮೈತ್ರಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೆ ಕೊಡುತ್ತದೆ. ಎರಡೂ ಮಾನವೀಯ ಯೋಜನೆಗಳು, ಎರಡಕ್ಕೂ ಅರ್ಜಿ ಹಾಕುವ ಜಾಗ ನಾಡಕಚೇರಿ. ತನಗೆ ಮದುವೆಯಾಗಲಿಲ್ಲ ಎಂದೋ, ಗಂಡ ಬಿಟ್ಟ ಎಂದೋ, ತಾನು ಹೆಣ್ಣೂ ಗಂಡೂ ಎಂಬ ಎರಡು ಖಾನೆಗಳಿಗೆ ಸೇರುವುದಿಲ್ಲ ಎಂದೋ ಊರಿನ ಜನರ ಮುಂದೆ ನಿಂತು ಹೇಳಿದ ಮೇಲೆ ಅರ್ಜಿ ಮುಂದೆ ಸಾಗುತ್ತದೆ. ಮುಡಬಿಯಂಥ ಊರಿನಲ್ಲಿ ಸಾಲಿನಲ್ಲಿ ನಿಂತವರು ಅಪರಿಚಿತರಲ್ಲ. ಚಿಕ್ಕಪ್ಪನ ಮಗ ಇರುತ್ತಾನೆ, ಓಣಿಯ ಹಿರಿಯರಿರುತ್ತಾರೆ, ಮಗಳ ಬೀಗರ ಕಡೆಯವರೂ ಇರಬಹುದು. ಪಟ್ಟಣದ ಕೌಂಟರಿನಲ್ಲಿ ಕೇಳಿದವರು ಸಂಜೆಗೆ ಮರೆಯುತ್ತಾರೆ; ಇಲ್ಲಿ ಕೇಳಿದ ಮಾತು ಸಂಜೆಗೆ ಕಟ್ಟೆಗೆ ಬಂದಿರುತ್ತದೆ. ಹೀಗೆ ನಾಚಿ ಅರ್ಜಿಯನ್ನೇ ಹಾಕದವರ ಎಣಿಕೆ ಯಾವ ಕಡತದಲ್ಲೂ ಸಿಗುವುದಿಲ್ಲ, ಏಕೆಂದರೆ ಕಡತ ಶುರುವಾಗುವುದೇ ಅರ್ಜಿಯಿಂದ.

ಭೂಮಿಯ ವಿಷಯ ಇನ್ನೂ ಸೂಕ್ಷ್ಮ. ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ ನೆಲಕ್ಕೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೂ ಬಹು ಹಿಂದಿನ ನಂಟಿದೆ. ಆರನೆಯ ವಿಕ್ರಮಾದಿತ್ಯ (1076–1126) ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಪಾಲು ಎಂಬ ಅದರ ನಿಲುವು ಭಾರತದ ಬಹುಭಾಗದ ಹಿಂದೂ ಕಾನೂನಿಗೆ ಒಂಬತ್ತು ಶತಮಾನ ಆಧಾರವಾಗಿತ್ತು. ಅದನ್ನು ಬದಲಿಸಲು ಮೊದಲಾದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. 1994ರ ತಿದ್ದುಪಡಿಯಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. 2005ರಲ್ಲಿ ಕೇಂದ್ರದ ಕಾಯ್ದೆ ಮದುವೆಯಾದವರಿಗೂ ಅದನ್ನು ಚಾಚಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅದಕ್ಕೆ ತಂದೆ 2005ರಲ್ಲಿ ಬದುಕಿರಬೇಕೆಂದೇನೂ ಇಲ್ಲ ಎಂದು ಸ್ಪಷ್ಟಪಡಿಸಿತು.

ಕಾನೂನು ಇಷ್ಟು ದೂರ ನಡೆದು ಬಂದರೂ, ಅದು ಸೋಲುವ ಜಾಗವೊಂದಿದೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಅಥವಾ ಹಿಸ್ಸೆ ಆಗುವಾಗ ಅಕ್ಕತಂಗಿಯರನ್ನು ಗಂಡನ ಮನೆಯಿಂದ ಕರೆಸುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಬೇಕು. ನೋಂದಣಿ ಅಧಿಕಾರಿ ಕೇಳಬೇಕಾದ ಪ್ರಶ್ನೆ ಕೇಳುತ್ತಾರೆ, ‘ಒಪ್ಪಿ ಮಾಡಿದ್ದೀರೇನಮ್ಮಾ?’ ಆಗ ಅವಳ ಎಡಕ್ಕೂ ಬಲಕ್ಕೂ ಅಣ್ಣತಮ್ಮಂದಿರು ನಿಂತಿರುತ್ತಾರೆ. ನಾಗರಪಂಚಮಿಗೆ ಕರೆಯಲು ಬರಬೇಕಾದವರು ಅವರೇ, ಮಗಳ ಮದುವೆಗೆ ಸೋದರಮಾವನ ಉಡುಗೊರೆ ತರಬೇಕಾದವರೂ ಅವರೇ. ಅಲ್ಲಿ ಅವಳು ‘ಹೂಂ’ ಎನ್ನದೆ ಬೇರೇನು ಹೇಳಿಯಾಳು? ಕೆಲವರು ಮನಸಾರೆ ಬಿಟ್ಟುಕೊಡುತ್ತಾರೆ, ಅದು ಅವರ ದೊಡ್ಡತನ. ಆದರೆ ಮನಸಾರೆ ಹೇಳಿದ ‘ಹೂಂ’ ಯಾವುದು, ಸುತ್ತುವರಿದದ್ದರಿಂದ ಬಂದ ‘ಹೂಂ’ ಯಾವುದು ಎಂದು ಗೊತ್ತಾಗಬೇಕಾದರೆ ಆಕೆಯನ್ನು ಹತ್ತು ನಿಮಿಷ ಒಬ್ಬಳೇ ಕೂರಿಸಿ ಕೇಳಬೇಕು. ಇಂಗ್ಲೆಂಡಿನಲ್ಲಿ 1833ರ ಒಂದು ಕಾಯ್ದೆ, ವಿವಾಹಿತೆಯೊಬ್ಬಳು ಜಮೀನಿನ ಹಕ್ಕು ಬಿಟ್ಟುಕೊಡುವಾಗ ಗಂಡನಿಂದ ಪ್ರತ್ಯೇಕವಾಗಿ ಆಕೆಯನ್ನು ವಿಚಾರಿಸಬೇಕೆಂದು ಹೇಳಿತ್ತು. ಅದು ಹೆಣ್ಣನ್ನು ಅಬಲೆಯೆಂದೇ ಭಾವಿಸಿದ ಕಾಲದ ಕಾಯ್ದೆ. ಆದರೂ ಒಪ್ಪಿಗೆಗೆ ಏಕಾಂತ ಬೇಕೆಂಬ ಅದರ ತಿಳಿವು ಸರಿಯಾಗಿತ್ತು.

ಈಗ ಆ ಹತ್ತು ನಿಮಿಷದ ಕೋಣೆಯಲ್ಲಿ ಪರದೆಯೂ ಇದೆ ಎಂದುಕೊಳ್ಳಿ. ಕೇಂದ್ರ ನ್ಯಾಯ ಇಲಾಖೆ 2017ರಲ್ಲಿ ಶುರುಮಾಡಿದ ಟೆಲಿ-ಲಾ ಸೇವೆಯ ವಕೀಲರೊಬ್ಬರು ಪರದೆಯಲ್ಲಿ ಬರುತ್ತಾರೆ. ಆಸ್ತಿಯ ನಕ್ಷೆ, ಪಹಣಿ, ಪತ್ರದ ಕರಡು ಇಬ್ಬರ ಕಣ್ಣ ಮುಂದೆಯೂ ಇರುತ್ತವೆ. ‘ಈ ಸಾಲಿನ ಅರ್ಥ ಹೀಗೆ, ಇದಕ್ಕೆ ಸಹಿ ಹಾಕಿದರೆ ಈ ನಾಲ್ಕು ಎಕರೆಯಲ್ಲಿ ನಿಮಗೆ ಏನೂ ಉಳಿಯುವುದಿಲ್ಲ’ ಎಂದು ಅವರು ಗೆರೆ ಎಳೆದು ತೋರಿಸುತ್ತಾರೆ. ಒಂದೇ ಕಡತವನ್ನು ದೂರದಲ್ಲಿದ್ದವರು ಕೂಡಿ ನೋಡಿ ಕೆಲಸ ಮಾಡುವ ತಂತ್ರ ಎಂದರೆ ಇದೇ. ಸಾಫ್ಟ್‌ವೇರ್ ಕಂಪನಿಯ ಪ್ರಾಜೆಕ್ಟಿಗಿಂತ ಇಂಥ ನಾಲ್ಕು ಎಕರೆಗೆ ಅದು ಹೆಚ್ಚು ಸಲ್ಲುತ್ತದೆ.

ಇದಕ್ಕೆ ಬೇಕಾದ ಸೇವೆಗಳನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ, ಅವು ಈಗಾಗಲೇ ಇವೆ. ಇ-ಸಂಜೀವಿನಿಯಲ್ಲಿ ಊರಿನ ಆರೋಗ್ಯ ಕೇಂದ್ರದಿಂದ ದೂರದ ವೈದ್ಯರನ್ನು ಕಾಣಬಹುದು. ಮನಸ್ಸಿನ ಕಾಯಿಲೆಗೆ ಟೆಲಿ-ಮಾನಸ್ ಇದೆ; 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಸಾಕ್ಷಿಯನ್ನು ಪರದೆಯ ಮೂಲಕ ಪಡೆಯಲು ಅವಕಾಶ ಕೊಟ್ಟಿದೆ. ಭಾರತ್‌ನೆಟ್ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುತ್ತ ಬಂದಿದೆ. ಸಂಖ್ಯೆ ಇದೆ, ವೈದ್ಯರಿದ್ದಾರೆ, ವಕೀಲರಿದ್ದಾರೆ, ತಂತಿ ಇದೆ. ಇವೆಲ್ಲವನ್ನೂ ಬಳಸಿ ಮಾತಾಡಲು ಕೂರುವ ಜಾಗ ಮಾತ್ರ ಇಲ್ಲ.

ಮನೆಯಿಂದ ಮಾತಾಡಬಾರದೇ ಎಂದು ಕೇಳಬಹುದು. ಎರಡು ಅಂಕಣದ ಮನೆಯಲ್ಲಿ ಆರು ಜನ, ಮನೆಗೆಲ್ಲ ಒಂದೋ ಎರಡೋ ಮೊಬೈಲು, ಅದರ ಕೀಲಿ ಗಂಡನಿಗೋ ಮಗನಿಗೋ ಗೊತ್ತು. ಗಂಡನ ಕುಡಿತ ಮತ್ತು ಹೊಡೆತದ ಬಗ್ಗೆ ಅಂಥ ಮನೆಯಿಂದ ಯಾವ ಹೆಣ್ಣು ಸಹಾಯವಾಣಿಗೆ ಮಾತಾಡುತ್ತಾಳೆ? ಸತ್ತುಹೋಗಬೇಕೆನಿಸುತ್ತಿದೆ ಎಂದು ಸಾಲದಲ್ಲಿ ಮುಳುಗಿದ ತೊಗರಿ ರೈತ ಹೆಂಡತಿ ಮಕ್ಕಳ ಕಿವಿಗೆ ಬೀಳುವಂತೆ ಯಾರಿಗೆ ಹೇಳುತ್ತಾನೆ? ಪದವಿ ಮುಗಿಸಿದ ಹುಡುಗಿಗೆ ಹೈದರಾಬಾದಿನ ಕಂಪನಿಯಿಂದ ವಿಡಿಯೋ ಸಂದರ್ಶನದ ಕರೆ ಬಂದರೆ, ಟಿವಿ ಸದ್ದು ಮತ್ತು ತಮ್ಮಂದಿರ ಗಲಾಟೆಯ ನಡುವೆ ಅವಳು ಉತ್ತರಿಸಬೇಕು. ಎದುರಿಗಿರುವ ಸ್ಪರ್ಧಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಅವಳ ಓದಿನಲ್ಲಿ ಕೊರತೆಯಿಲ್ಲ, ಅವಳಿಗೆ ಬಾಗಿಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ತೀರ್ಪು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲೇ ಇದೆ. ಆದರೆ ಹಕ್ಕನ್ನು ಅನುಭವಿಸಲು ನಾಲ್ಕು ಗೋಡೆ ಬೇಕು. ಗೋಡೆಯಿದ್ದವರಿಗೆ ಮಾತ್ರ ಸಿಗುವ ಹಕ್ಕನ್ನು ಮೂಲಭೂತವೆಂದು ಕರೆಯುವುದು ಹೇಗೆ?

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪಣೆ ಈ ಮಣ್ಣಿನೊಳಗಿಂದಲೇ ಬರುತ್ತದೆ. ಕಲ್ಯಾಣದ ಹೆಮ್ಮೆ ಎಂದರೆ ಬಯಲಿಗೆ ಬಂದ ಮಾತು. ಅನುಭವ ಮಂಟಪದಲ್ಲಿ ದೊರೆಯ ಭಂಡಾರಿಯೂ ಹಗ್ಗ ಹೊಸೆಯುವವನೂ ಒಟ್ಟಿಗೆ ಕೂತು ಚರ್ಚಿಸಿದರು ಎಂಬ ನೆನಪಿನ ಮೇಲೆ ನಾವು ನಿಂತಿದ್ದೇವೆ. ಬಸವಣ್ಣನವರು ಜನರ ಅಹವಾಲು ಕೇಳುತ್ತಿದ್ದರು ಎಂದು ತೋರಿಸುವ ಪರುಷ ಕಟ್ಟೆ ಬಸವಕಲ್ಯಾಣದಲ್ಲಿದೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು 1955ರಲ್ಲಿ ಅನುಭವ ಮಂಟಪ ಕಟ್ಟಲು ಮೊದಲಾದರು. 2021ರ ಜನವರಿಯಲ್ಲಿ 770 ಕಂಬಗಳ ಹೊಸ ಮಂಟಪಕ್ಕೆ ಅಡಿಗಲ್ಲು ಬಿತ್ತು. ಇಂಥ ಊರಿಗೆ ಮುಚ್ಚಿದ ಕೋಣೆಯ ಪಾಠ ಬೇಕೇ?

ಬೇಕು ಎಂದೇ ನನ್ನ ಉತ್ತರ. ಅದಕ್ಕೆ ಆಧಾರವೂ ಆ ಪರಂಪರೆಯಲ್ಲೇ ಇದೆ. ಮಂಟಪವನ್ನು ನೆನೆಯುವ ಅದೇ ಬಸವಕಲ್ಯಾಣ ಅಕ್ಕನಾಗಮ್ಮನ ಗವಿಯನ್ನೂ ನುಲಿಯ ಚಂದಯ್ಯನ ಗವಿಯನ್ನೂ ಕಾಪಾಡಿಕೊಂಡು ಬಂದಿದೆ. ಎಲ್ಲರೂ ಕೂಡುವ ಜಾಗ ಎಷ್ಟು ಬೇಕೋ ಒಬ್ಬರು ಇಬ್ಬರು ಕೂರುವ ಜಾಗವೂ ಅಷ್ಟೇ ಬೇಕೆಂದು ಆ ನೆನಪು ಹೇಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ತುಂಬಿದ ಸಭೆಯಲ್ಲಿ ಅಲ್ಲಮಪ್ರಭು ಅವಳನ್ನು ಪರೀಕ್ಷಿಸುತ್ತಾನೆ. ಅವಳ ಗಂಡನ ಬಗ್ಗೆ, ಅವಳ ಮೈಯ ಬಗ್ಗೆ, ಅದನ್ನು ಮುಚ್ಚಿದ ಕೂದಲ ಬಗ್ಗೆ ಪ್ರಶ್ನೆಗಳು ಬರುತ್ತವೆ. ಅಕ್ಕ ಎಲ್ಲಕ್ಕೂ ಉತ್ತರ ಕೊಟ್ಟು ಸಭೆಯನ್ನೇ ಗೆದ್ದಳು. ಆ ಎತ್ತರಕ್ಕೆ ನಾವು ತಲೆಬಾಗುತ್ತೇವೆ. ಆದರೆ ವಿಧವಾ ವೇತನ ಕೇಳಲು ಬಂದ ಹೆಣ್ಣುಮಗಳೂ ತುಂಬಿದ ಸಭೆಯಲ್ಲಿ ಅಕ್ಕನ ಹಾಗೆ ನಿಂತು ಉತ್ತರಿಸಬೇಕೆಂದು ಸರ್ಕಾರ ಬಯಸುವುದು ಕ್ರೌರ್ಯ. ಅನುಭಾವಿಗೆ ಸಾಧ್ಯವಾದದ್ದನ್ನು ಅರ್ಜಿದಾರಳ ಮೇಲೆ ಹೇರಬಾರದು. ಸಾರ್ವಜನಿಕ ಹಣ, ಸಾರ್ವಜನಿಕ ಭೂಮಿ, ಫಲಾನುಭವಿಗಳ ಆಯ್ಕೆಯ ನಿಯಮ, ಪಂಚಾಯಿತಿಯ ಲೆಕ್ಕ ಇವೆಲ್ಲ ಗ್ರಾಮಸಭೆಯ ಬಯಲಲ್ಲೇ ಚರ್ಚೆಯಾಗಬೇಕು. ಒಬ್ಬರ ರೋಗ, ದಾಂಪತ್ಯ, ಭಯ, ಅವಮಾನ ಇವು ಬಾಗಿಲ ಒಳಗಿರಬೇಕು. ಇಂದು ನಮ್ಮಲ್ಲಿ ಇದು ತಿರುಗುಮುರುಗಾಗಿದೆ: ಟೆಂಡರಿನ ಮಾತು ಚೇಂಬರಿನಲ್ಲಿ ನಡೆಯುತ್ತದೆ, ಬಡವಿಯ ಸಂಸಾರದ ಮಾತು ಕೌಂಟರಿನಲ್ಲಿ.

ಎರಡನೆಯ ಆಕ್ಷೇಪಣೆ ಲಂಚದ ಭಯ. ಬಾಗಿಲು ಮುಚ್ಚಿದರೆ ಅಲ್ಲಿ ವ್ಯವಹಾರ ಕುದುರುತ್ತದೆ, ಹೆಣ್ಣುಮಕ್ಕಳಿಗೆ ಅದೇ ಅಪಾಯದ ಜಾಗವಾಗುತ್ತದೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಉತ್ತರ ಕೋಣೆಯ ಕಟ್ಟೋಣದಲ್ಲೂ ನಿಯಮದಲ್ಲೂ ಇರಬೇಕು. ಬಾಗಿಲಿಗೆ ಎದೆಮಟ್ಟದಿಂದ ಮೇಲೆ ಗಾಜು ಇರಲಿ. ಒಳಗಿರುವವರು ಹೊರಗಿನವರಿಗೆ ಕಾಣಬೇಕು, ಅವರ ಮಾತು ಕೇಳಬಾರದು. ಚಿಲಕ ಒಳಗಿನಿಂದ ಮಾತ್ರ ತೆಗೆಯುವಂತಿರಬಾರದು. ಹೆಣ್ಣುಮಗಳು ಬಯಸಿದರೆ ಅವಳು ಆರಿಸಿದ ಒಬ್ಬರು ಜೊತೆಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆ ಇರುವುದು ಹೇಳಿಕೊಳ್ಳಲು ಮತ್ತು ಕೇಳಿಸಿಕೊಳ್ಳಲು. ತೀರ್ಮಾನ ಕೊಡುವ ಅಧಿಕಾರ ಅಲ್ಲಿಗಿರಬಾರದು. ಅರ್ಜಿ ಕೊಟ್ಟದ್ದಕ್ಕೆ ಹೊರಗೆ ಕೌಂಟರಿನಲ್ಲಿ ಸಕಾಲ ಯೋಜನೆಯ ಸ್ವೀಕೃತಿ ಸಿಗಬೇಕು, ಆದೇಶ ಬರಹದಲ್ಲಿ ಬರಬೇಕು. ಕರ್ನಾಟಕ ಈ ದಾರಿಯಲ್ಲಿ ಒಮ್ಮೆ ದೇಶಕ್ಕೇ ಮಾದರಿಯಾಗಿತ್ತು. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದಾಗ ಕೌಂಟರಿನಲ್ಲಿ ರೈತನ ಕಡೆಗೂ ಮುಖ ಮಾಡಿದ ಎರಡನೆಯ ಪರದೆಯನ್ನು ಇಟ್ಟಿದ್ದರು. ತನ್ನ ಪಹಣಿಯಲ್ಲಿ ಏನು ತಿದ್ದುತ್ತಿದ್ದಾರೆ ಎಂಬುದು ರೈತನಿಗೆ ಆ ಕ್ಷಣವೇ ಕಾಣಲಿ ಎಂಬುದು ಅದರ ಉದ್ದೇಶ. ಈ ಕೋಣೆಯ ಪರದೆಯೂ ಅದೇ ನಂಬಿಕೆಯಿಂದ ನಾಗರಿಕರ ಕಡೆಗೆ ತಿರುಗಿರಬೇಕು.

ಸಾಮಾನ್ಯವಾಗಿ ಸರ್ಕಾರದ ಪರದೆ ಹಾಗೆ ತಿರುಗಿರುವುದಿಲ್ಲ. ಜಿಲ್ಲಾ ಕೇಂದ್ರದಿಂದ ವಿಡಿಯೋ ಕಾನ್ಫರೆನ್ಸ್ ನಡೆದರೆ ಪಿಡಿಒಗಳು, ಗ್ರಾಮ ಆಡಳಿತಾಧಿಕಾರಿಗಳು ಸಾಲಾಗಿ ಕೂತು ಆದೇಶ ಕೇಳುತ್ತಾರೆ. ಮಾತು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಉಪಗ್ರಹದ ಮೂಲಕ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಟ್ಟು, ದೂರದ ತಾಲ್ಲೂಕಿನ ಸದಸ್ಯರೂ ಪ್ರಶ್ನೆ ಕೇಳುವಂತೆ ಮಾಡಿದ್ದು ಒಳ್ಳೆಯ ಹೆಜ್ಜೆ. ನಾಲ್ಕು ಕುರ್ಚಿಯ ಕೋಣೆ ಅದಕ್ಕಿಂತ ಮುಂದಕ್ಕೆ ಹೋಗಬಲ್ಲದು. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದಾಗಿದ್ದರೂ ಸಭೆಯಲ್ಲಿ ಅವರ ಪರವಾಗಿ ಗಂಡಂದಿರು ಮಾತಾಡುವುದು ಎಲ್ಲರಿಗೂ ಗೊತ್ತಿರುವ ಸತ್ಯ. ಮೂವರು ಸದಸ್ಯೆಯರು ಸಭೆಯ ಹಿಂದಿನ ದಿನ ಆ ಕೋಣೆಯಲ್ಲಿ ಕೂತು ಕ್ರಿಯಾ ಯೋಜನೆಯನ್ನು ಪರದೆಯಲ್ಲಿ ಓದಿ, ಬೇರೆ ಪಂಚಾಯಿತಿಯ ಅನುಭವಿ ಸದಸ್ಯೆಯೊಬ್ಬರನ್ನು ಕೇಳಿ ತಿಳಿದುಕೊಂಡರೆ, ಮರುದಿನದ ಬಯಲು ಸಭೆಯಲ್ಲಿ ಅವರ ದನಿ ಏಳುತ್ತದೆ. ಮುಚ್ಚಿದ ಕೋಣೆ ತೆರೆದ ಸಭೆಗೆ ಬಲ ತುಂಬುವುದು ಹೀಗೆ.

ಮೂರನೆಯ ಆಕ್ಷೇಪಣೆ ಹಳ್ಳಿಯನ್ನು ಬಲ್ಲವರದು. ಕೋಣೆಗೆ ಹೋದದ್ದೇ ಸುದ್ದಿಯಾಗುತ್ತದಲ್ಲ! ಇಂಥವಳು ಒಳಗೆ ಹೋದಳು, ಏನಿರಬಹುದು ಎಂದು ಊರು ಮಾತಾಡುತ್ತದೆ. ಬಾಗಿಲ ಮೇಲೆ ‘ಮಹಿಳಾ ಸಮಾಲೋಚನೆ’ ಎಂದೋ ‘ಮಾನಸಿಕ ಆರೋಗ್ಯ’ ಎಂದೋ ಫಲಕ ಹಾಕಿದರೆ ಖಂಡಿತ ಹಾಗಾಗುತ್ತದೆ. ಒಂದೇ ರೋಗಕ್ಕೆ ಮೀಸಲಾದ ಬಾಗಿಲು ಆ ರೋಗವನ್ನು ಊರಿಗೆ ಸಾರುತ್ತದೆ. ಆದ್ದರಿಂದ ಕೋಣೆ ಒಂದು ಇಲಾಖೆಯ ಸೊತ್ತಾಗಬಾರದು. ಅಲ್ಲಿ ಬೆಳಿಗ್ಗೆ ಒಬ್ಬ ಹುಡುಗ ಕೆಲಸದ ಸಂದರ್ಶನ ಕೊಡಲಿ, ಆಮೇಲೆ ಅಣ್ಣತಮ್ಮಂದಿರಿಬ್ಬರು ಸರ್ವೆಯರ್ ಜೊತೆ ಬಾಂದಿನ ನಕ್ಷೆ ನೋಡಲಿ, ಮಧ್ಯಾಹ್ನ ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು ಬ್ಯಾಂಕಿನವರೊಂದಿಗೆ ಸಾಲದ ಮಾತಾಡಲಿ, ಪುಣೆಗೆ ದುಡಿಯಲು ಹೋದ ಮಗನನ್ನು ಮುದುಕಿಯೊಬ್ಬಳು ಪರದೆಯಲ್ಲಿ ನೋಡಲಿ. ಇಷ್ಟೆಲ್ಲ ಕೆಲಸಕ್ಕೆ ಬಳಕೆಯಾಗುವ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಒಳಗೆ ಹೋದರೆ ಯಾರೂ ಏನನ್ನೂ ಊಹಿಸಲಾರರು. ಹಲವು ಉಪಯೋಗಗಳಿರುವುದೇ ಅವಳಿಗೆ ರಕ್ಷಣೆ.

ನಾಲ್ಕನೆಯದು, ಪರದೆ ಬಂದರೆ ಮನುಷ್ಯರು ಬರುವುದಿಲ್ಲ ಎಂಬ ಆತಂಕ. ವೈದ್ಯರ ಹುದ್ದೆ ಖಾಲಿ ಬಿಟ್ಟು ‘ಪರದೆಯಲ್ಲಿ ಸಿಗುತ್ತಾರಲ್ಲ’ ಎನ್ನುವ ಸರ್ಕಾರವನ್ನು ಊಹಿಸುವುದು ಕಷ್ಟವಲ್ಲ. ಈ ಎಚ್ಚರ ಸರಿಯಾದದ್ದು. ಪರದೆ ನಾಡಿ ಹಿಡಿದು ನೋಡಲಾರದು, ಹೆರಿಗೆ ಮಾಡಿಸಲಾರದು, ಅಳುವವಳ ಕೈಗೆ ನೀರು ಕೊಡಲಾರದು. ಹಾಗಾಗಿ ಕೋಣೆಗೆ ಒಬ್ಬರು ಮನುಷ್ಯರು ಬೇಕೇ ಬೇಕು. ಅವರಿಗೆ ಯಂತ್ರ ಚಾಲೂ ಮಾಡಲು ಬಂದರೆ ಸಾಲದು, ಭಾಷೆಯೂ ಬರಬೇಕು. ಮುಡಬಿಯ ಸುತ್ತಮುತ್ತ ಕನ್ನಡದ ಜೊತೆ ಮರಾಠಿ, ಉರ್ದು, ತಾಂಡಾಗಳ ಲಂಬಾಣಿ ಎಲ್ಲವೂ ಕೇಳುತ್ತವೆ. ಬೆಂಗಳೂರಿನ ವೈದ್ಯರಿಗೆ ಲಂಬಾಣಿ ಅಜ್ಜಿಯ ಎದೆನೋವಿನ ಮಾತು ತಿಳಿಯಬೇಕಾದರೆ ನಡುವೆ ತಾಂಡಾದ ಒಬ್ಬ ಓದಿದ ಹುಡುಗಿ ಕೂತಿರಬೇಕು, ಕೇಳಿದ್ದನ್ನು ಹೊರಗೆ ಆಡದ ಪ್ರಮಾಣಕ್ಕೆ ಅವಳು ಬದ್ಧಳಾಗಿರಬೇಕು. ನ್ಯಾಯಾಲಯಗಳ ವಿಡಿಯೋ ಕಾನ್ಫರೆನ್ಸ್ ನಿಯಮಗಳು ದೂರದ ತುದಿಯಲ್ಲೂ ಒಬ್ಬರು ಸಂಯೋಜಕರು ಇರಬೇಕು, ಸಾಕ್ಷಿಗೆ ಯಾರೂ ಹೇಳಿಕೊಡದಂತೆ ನೋಡಿಕೊಳ್ಳಬೇಕು ಎನ್ನುತ್ತವೆ. ಕೋಣೆಯನ್ನು ಕಾಯುವವರಿಲ್ಲದೆ ಕೋಣೆಗೆ ಬೆಲೆಯಿಲ್ಲ ಎಂದು ನ್ಯಾಯಾಂಗ ಅರಿತಿದೆ, ಆಡಳಿತವೂ ಅರಿಯಬೇಕು.

ಕಾಯುವವರಿಲ್ಲದ ಸರ್ಕಾರಿ ಕೋಣೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಹಳೆಯ ಕಡತ, ಕೆಟ್ಟ ಕಂಪ್ಯೂಟರು, ಚುನಾವಣೆಯ ಸಾಮಾನು ಸೇರಿ ಅದು ಉಗ್ರಾಣವಾಗುತ್ತದೆ. ಅದಕ್ಕೆಂದೇ ಈ ಕೋಣೆಯನ್ನು ದಿನವೂ ಬಾಗಿಲು ತೆರೆಯುವ ಕಟ್ಟಡಕ್ಕೆ ಸೇರಿಸಬೇಕು. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಕಂಪ್ಯೂಟರು ಬಂದಿವೆ, ಮೇಲ್ವಿಚಾರಕರಿದ್ದಾರೆ, ಮಕ್ಕಳು ಬರುತ್ತಾರೆ. ಗ್ರಂಥಾಲಯಕ್ಕೆ ಹೋಗುವುದನ್ನು ಯಾರೂ ಅನುಮಾನಿಸುವುದಿಲ್ಲ. ಹೋಬಳಿ ಊರಿನ ಅರಿವು ಕೇಂದ್ರದ ಪಕ್ಕಕ್ಕೆ ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ ಸೇರಿಸಿದರೆ ಸಾಕು. ತಗಡಿನ ಸೂರು ಬೇಡ, ಮಳೆ ಬಂದರೆ ಮಾತು ಕೇಳದು. ಗೋಡೆ ಸೂರಿನವರೆಗೂ ಮುಟ್ಟಬೇಕು. ಅರ್ಧಕ್ಕೆ ನಿಂತ ಪ್ಲೈವುಡ್ ಅಡ್ಡಗೋಡೆಯ ಮೇಲಿಂದ ಪ್ರತಿ ಮಾತೂ ಹೊರಗೆ ಹೋಗುತ್ತದೆ. ಬಾಗಿಲ ಕೆಳಗಿನ ಸಂದು ಮುಚ್ಚಿರಬೇಕು. ಕರೆಂಟು ಹೋದರೂ ಎರಡು ತಾಸು ನಡೆಯುವಂತೆ ಬ್ಯಾಟರಿ, ಸಾಧ್ಯವಾದರೆ ಸೌರಫಲಕ. ಕ್ಯಾಮೆರಾಕ್ಕೆ ಕಣ್ಣಿಗೆ ಕಾಣುವ ಮುಚ್ಚಳ. ಧ್ವನಿ ಮುದ್ರಣವಿಲ್ಲ. ದಾಖಲೆಯಲ್ಲಿ ಹೊತ್ತು ಮಾತ್ರ ಇರಲಿ, ಕಾರಣ ಬರೆಯುವ ಖಾನೆಯೇ ಬೇಡ.

ಹಣದ ಮಾತು ದೊಡ್ಡದಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಇತ್ತೀಚಿನ ಬಜೆಟ್ಟುಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ರಸ್ತೆ ಬೇಕು, ಶಾಲೆಯ ಕಟ್ಟಡ ಬೇಕು, ಸಮುದಾಯ ಭವನವೂ ಬೇಕೆನ್ನಿ. ಆದರೆ ಸಾವಿರ ಜನ ಕೂರುವ ಭವನ ವರ್ಷದಲ್ಲಿ ಕೆಲವೇ ದಿನ ತುಂಬುತ್ತದೆ; ನಾಲ್ಕು ಜನ ಕೂರುವ ಕೋಣೆ ದಿನವೂ ತುಂಬುತ್ತದೆ. ಅಭಿವೃದ್ಧಿಯನ್ನು ಚದರಡಿಯಲ್ಲಿ ಅಳೆಯುವ ಅಭ್ಯಾಸ ಬಿಟ್ಟು, ಯಾವ ಚದರಡಿಯಲ್ಲಿ ಯಾರ ಬದುಕು ಹಗುರಾಯಿತು ಎಂದು ಅಳೆಯಲು ಶುರುಮಾಡಿದರೆ ಈ ಲೆಕ್ಕ ತಾನಾಗಿ ಹೊಂದುತ್ತದೆ.

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಹೋಬಳಿಗಳಲ್ಲಿ ಇದನ್ನು ಮೊದಲು ಮಾಡಿ ನೋಡಬಹುದು. ಮುಡಬಿಯ ಗ್ರಾಮಸಭೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಇದನ್ನು ಬರೆಸಲಿ, ಮಂಡಳಿ ಅದಕ್ಕೆ ಹಣ ಕೊಡಲಿ, ಕೋಣೆಯ ನಿಯಮಗಳನ್ನು ಅದೇ ಗ್ರಾಮಸಭೆ ಬಯಲಲ್ಲಿ ಚರ್ಚಿಸಿ ಒಪ್ಪಲಿ. ಒಂದು ವರ್ಷ ನಡೆಸಿದ ಮೇಲೆ ಎಷ್ಟು ತಾಸು ಬಳಕೆಯಾಯಿತು, ಹಿಂದೆ ಅರ್ಜಿ ಹಾಕದಿದ್ದವರು ಎಷ್ಟು ಜನ ಹಾಕಿದರು, ಹಕ್ಕು ಬಿಡುಗಡೆ ಪತ್ರಕ್ಕೆ ಬಂದವರಲ್ಲಿ ಎಷ್ಟು ಜನ ಯೋಚಿಸಿ ಹೇಳುತ್ತೇವೆಂದು ಹಿಂದಿರುಗಿದರು ಎಂಬುದನ್ನು ಹೆಸರಿಲ್ಲದ ಅಂಕಿಗಳಲ್ಲಿ ಸಭೆಯ ಮುಂದಿಡಲಿ. ಅಂಕಿ ಚೆನ್ನಾಗಿ ಬರದಿದ್ದರೆ ಕೋಣೆಯನ್ನು ಗ್ರಂಥಾಲಯ ಬಳಸಿಕೊಳ್ಳುತ್ತದೆ, ಯಾರಿಗೂ ನಷ್ಟವಿಲ್ಲ. ಚೆನ್ನಾಗಿ ಬಂದರೆ ರಾಜ್ಯದ ಪ್ರತಿ ಹೋಬಳಿಯೂ ಅದನ್ನು ಕೇಳುವ ಹಕ್ಕು ಪಡೆಯುತ್ತದೆ. ಬೆಂಗಳೂರಿನ ಕಂಪನಿಗಳು ತಮ್ಮ ನೌಕರರ ಕೆಲಸ ಚುರುಕಾಗಲೆಂದು ಇಷ್ಟನ್ನು ಮಾಡಿಕೊಂಡಿವೆ. ತನ್ನ ನಾಗರಿಕರ ಮಾನ ಉಳಿಯಲೆಂದು ಸರ್ಕಾರ ಅಷ್ಟನ್ನಾದರೂ ಮಾಡಲೇಬೇಕು.